‘ಆತು’ ಅಂದರೆ ಮುಗೀತು ಅಂತಲ್ಲ

ನಾನು ಇಂಜಿನಿಯರ್ ಆಗುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ, ದಾವಲಸಾಬ ನದಾಫ. ಬೆನ್ನ ಹಿಂದೆ ಹೇಳಿದ್ದಲ್ಲ. ರಾಣೆಬೆನ್ನೂರಿನ ನಮ್ಮ ಗಾದಿ ಅಂಗಡಿಯಲ್ಲಿ, ಹತ್ತಿ ಹಿಂಜುವ ಬಿಲ್ಲನ್ನು ಕೆಳಗಿಟ್ಟು, ಮೀಸೆಗೆ ಅಂಟಿದ ಹತ್ತಿಯನ್ನು ಕಿತ್ತುಕೊಳ್ಳುತ್ತ ನನ್ನ ಮುಖಕ್ಕೇ ಹೇಳಿದರು.

“ಹುಸೇನಾ, ಇದು ಆಗೂ ಮಾತಲ್ಲ ಬಿಡು. ನಮ್ಮ ಮನ್ಯಾಗ ಇಷ್ಟ ಮಂದಿ ಹುಟ್ಯಾರ, ಒಬ್ಬರರ ಕಾಲೇಜಿನ ಮೆಟ್ಲ ಹತ್ಯಾರೇನ? ಸುಮ್ನ ಬಿಲ್ಲ ಹಿಡಿ.”

ಅಪ್ಪನನ್ನು ಕೇಳಿದೆ. ಅಪ್ಪ “ಆತು” ಎಂದ. ಅವ್ವನನ್ನು ಕೇಳಿದೆ. ಅವ್ವನೂ “ಆತು” ಎಂದಳು. ಇದರಲ್ಲಿ ಹಿಗ್ಗುವಂಥದ್ದೇನೂ ಇರಲಿಲ್ಲ. ಬೆಂಗಳೂರಿನ ಕಡೆಯವರು ‘ಆಯ್ತು’ ಎನ್ನುವುದನ್ನು ನಮ್ಮ ಕಡೆ ‘ಆತು’ ಎನ್ನುತ್ತೇವೆ, ಮತ್ತು ನಮ್ಮ ಮನೆಯಲ್ಲಿ ಅದನ್ನು ಉಸಿರಾಡಿದಷ್ಟು ಸಲೀಸಾಗಿ ಅನ್ನುತ್ತಿದ್ದರು. ಕೇಳಿಸಿತು ಎಂದರೂ ಆತು, ಒಪ್ಪಿದೆ ಎಂದರೂ ಆತು, ಕೆಲಸ ಮುಗಿಯಿತು ಎಂದರೂ ಆತು, ಇನ್ನು ತಲೆ ತಿನ್ನಬೇಡ ಎಂದರೂ ಆತು. ಅಪ್ಪ ನನಗೆ ಹೇಳಿದ್ದು ಇದರಲ್ಲಿ ಯಾವ ಆತು ಎಂದು ಈಗಲೂ ಗೊತ್ತಿಲ್ಲ. ಕೊನೆಯದೇ ಇರಬೇಕು.

ದೊಡ್ಡಪ್ಪ ಒಬ್ಬರ ಬಾಯಿಂದ ಮಾತ್ರ ಆ ಪದ ಬರುತ್ತಿರಲಿಲ್ಲ. ಗಿರಾಕಿ ಬಂದು, “ಗಾದಿ ಆತೇನ್ರಿ ದಾವಲಸಾಬ್ರ?” ಎಂದರೆ, ಹೊಲಿದು ಮುಗಿಸಿ ಮಡಿಚಿಟ್ಟಿದ್ದರೂ “ನೋಡೂಣು” ಎನ್ನುವರು. ಅವರ ಮಗಳ ನಿಕಾಹ್ ಮುಗಿದು ಬೀಗರು ಊಟಕ್ಕೆ ಕೂತಿದ್ದಾಗ ಯಾರೋ “ಅಂತೂ ಆತಲ್ರಿ” ಎಂದರೆ ಆಗಲೂ “ನೋಡೂಣು” ಎಂದರಂತೆ.

ನನಗೆ ಬಂದ ಅಂಕಗಳಿಗೆ ಇಂಜಿನಿಯರಿಂಗ್ ಸಿಗಲಿಲ್ಲ, ಡಿಪ್ಲೊಮಾ ಸಿಕ್ಕಿತು. ಮೂರು ವರ್ಷ ಓದಿ, ಮುಗಿಸಿ, ಹೆಮ್ಮೆಯಿಂದ ಅಂಗಡಿಗೆ ಹೋಗಿ ಹೇಳಿದೆ. ದೊಡ್ಡಪ್ಪ ಯೋಚನೆ ಮಾಡಿದರು.

“ಡಿಪ್ಲೊಮಾ ಅಂದ್ರ ಅರ್ಧಾ ಇಂಜಿನಿಯರ್ ಹೌದಲ್ಲೋ?”

“ಹಂಗಂತ ಅಲ್ಲ ದೊಡ್ಡಪ್ಪಾ…”

“ಅರ್ಧಾ ಗಾದಿ ಮ್ಯಾಲ ಯಾರರ ಮಲಗ್ತಾರೇನೋ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಅರ್ಧ ಗಾದಿ ನನ್ನ ಜತೆಗೇ ಸಮುದ್ರ ದಾಟಿ ಬಂತು.

ಕೌಲಾಲಂಪುರದ ನಮ್ಮ ಕನ್ನಡ ಬಳಗದವರು, ಹೊಸದಾಗಿ ಇಲ್ಲಿಗೆ ಬರುತ್ತಿರುವ ಇಂಜಿನಿಯರ್ ಹುಡುಗ ಹುಡುಗಿಯರಿಗೆ ಉಪಯೋಗವಾಗುವಂತೆ ಏನಾದರೂ ಬರೆದುಕೊಡಿ ಎಂದು ಕೇಳಿದ್ದಾರೆ. ನಿವೃತ್ತನಾದವನನ್ನು ಹೀಗೆ ಕೇಳುವುದು ಅಪಾಯ, ನಿಲ್ಲಿಸುವುದಿಲ್ಲ. ಆದರೂ ಬಡ್ತಿಗಳ ವಿಷಯ ಬರೆಯುವುದಿಲ್ಲ. ಬಂದದ್ದು ಕಡಿಮೆ, ಬಂದಾಗಲೆಲ್ಲ ಕುರ್ಚಿ ಬದಲಾಯಿತು, ಬೆನ್ನುನೋವು ಬದಲಾಗಲಿಲ್ಲ. ರಸ್ತೆ, ಮೇಲ್ಸೇತುವೆ, ಮಳೆನೀರಿನ ಕಾಲುವೆ ಕಟ್ಟುತ್ತ ನಾನು ಮಾಡಿಕೊಂಡ ಫಜೀತಿಗಳನ್ನು ಬರೆಯುತ್ತೇನೆ. ನನ್ನ ಹತ್ತಿರ ಹೆಚ್ಚು ದಾಸ್ತಾನು ಇರುವುದು ಅದೇ.

ನಾನು ಬಂದ ಕಾಲಕ್ಕೆ ಈ ಊರು ಎಲ್ಲ ಕಡೆಯಿಂದ ಒಟ್ಟಿಗೆ ಬೆಳೆಯುತ್ತಿತ್ತು. ಈಗ ಬಾಂಗ್ಸಾರ್‌ನಲ್ಲಿ ನೀವು ಕಾಫಿ ಕುಡಿಯುತ್ತ ನೋಡುವ ರೈಲಿನ ಕಂಬಗಳಿಗೆ ಆಗ ಗುಂಡಿ ತೋಡುತ್ತಿದ್ದರು. ಮಾಂಟ್ ಕಿಯಾರಾದ ಕಡೆ ರಬ್ಬರ್ ಮರಗಳನ್ನು ಉರುಳಿಸಿ ಕೆಂಪು ಮಣ್ಣನ್ನು ಹೊರಗೆ ಹಾಕಿದ್ದರು. ಕ್ರೇನ್ ಇಲ್ಲದ ದಿಕ್ಕು ಇರಲಿಲ್ಲ. ಕೆಲಸ ಬಲ್ಲವರಿಗಿಂತ ಕೆಲಸವೇ ಹೆಚ್ಚಿದ್ದುದರಿಂದ ಅರ್ಧ ಇಂಜಿನಿಯರುಗಳಿಗೂ ಕರೆ ಬಂತು. ಸೈಟ್ ಸೂಪರ್‌ವೈಸರ್ ಎಂದು ಬಂದಿಳಿದೆ.

ಮಲಾಯ್ ಭಾಷೆ ನನಗೆ ಸುಲಭ ಎಂದು ಮೊದಲ ವಾರವೇ ತೀರ್ಮಾನಿಸಿದೆ. ಭಾಷೆಗೆ ಇಲ್ಲಿ ‘ಬಹಾಸಾ’, ಗುರುವಿಗೆ ‘ಗುರು’, ಮುಖಕ್ಕೆ ‘ಮುಕಾ’, ಹೆಸರಿಗೆ ‘ನಾಮಾ’. ಇನ್ನೇನು, ಅರ್ಧ ಬಂದೇ ಬಿಟ್ಟಿದೆ, ಉಳಿದರ್ಧಕ್ಕೆ ಧೈರ್ಯ ಸಾಕು ಎಂದುಕೊಂಡೆ. ಆ ಧೈರ್ಯದಲ್ಲೇ ಸೈಟಿನ ಎದುರಿನ ಮಾಮಾಕ್ ಅಂಗಡಿಗೆ, ಅಂದರೆ ತಮಿಳು ಮುಸ್ಲಿಮರ ಹೋಟೆಲಿಗೆ ಹೋಗಿ, ಎರಡು ಬೆರಳು ಎತ್ತಿ “ದೋಸಾ ದುವಾ” ಎಂದೆ. ಗಲ್ಲಾದ ಮೇಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅಣ್ಣೇ, ದೋಸಾ ಅಂದ್ರೆ ಈ ಊರಲ್ಲಿ ಪಾಪ. ಅದು ನಿಮ್ಮ ಹತ್ರಾನೇ ಬೇಕಾದಷ್ಟು ಇರುತ್ತೆ, ನಾನು ಯಾಕೆ ಮಾರಲಿ? ತಿನ್ನೋಕೆ ಬೇಕಾದ್ರೆ ತೋಸೈ ಅನ್ನಿ ಲಾ.”

ಎರಡು ಪಾಪಗಳನ್ನು ಚಟ್ನಿಯ ಜತೆ ತಿಂದು ಬಂದೆ. ಪಾಠ ಕಲಿಯಲಿಲ್ಲ. ಏಕೆಂದರೆ ಅದೇ ಅಂಗಡಿಯಲ್ಲಿ ನನಗೆ ಅತ್ಯಗತ್ಯವಾಗಿದ್ದ ಇನ್ನೊಂದು ಪದ ಸಿಕ್ಕಿತು. ತಿಂದು ಮುಗಿಸಿದಾಗ ಮಾಣಿ ತಟ್ಟೆ ತೋರಿಸಿ “ಸುದಾ?” ಎಂದ. ತಪಾವ್, ಅಂದರೆ ಪಾರ್ಸೆಲ್, ಕಟ್ಟಿಕೊಟ್ಟವನೂ “ಸುದಾ” ಎಂದ. ಹಿಂದಿನ ಮೇಜಿನಲ್ಲಿ ಅಳುತ್ತಿದ್ದ ಮಗುವಿಗೆ ಅದರ ತಾಯಿ “ಸುದಾ, ಸುದಾ” ಎಂದಳು. ಮುಗಿಯಿತೇ ಎಂದರೂ ಅದೇ, ಸಿದ್ಧ ಎಂದರೂ ಅದೇ, ಸಾಕು ಎಂದರೂ ಅದೇ. ನನಗೆ ಮನೆಯವರೇ ಎದುರಿಗೆ ಬಂದಷ್ಟು ಸಂತೋಷವಾಯಿತು. ಇದು ನಮ್ಮ ಆತು! ಅಲ್ಲಿಂದ ಮುಂದೆ ಕನ್ನಡದಲ್ಲಿ ಎಲ್ಲೆಲ್ಲಿ ಆತು ಅನ್ನುತ್ತಿದ್ದೆನೋ ಅಲ್ಲೆಲ್ಲ ಸುದಾ ಎನ್ನತೊಡಗಿದೆ.

ನಾಲ್ಕರಲ್ಲಿ ಮೂರು ಅರ್ಥ ಹೊಂದುತ್ತಿದ್ದವು. ಹೊಂದದೆ ಉಳಿದದ್ದು ‘ಕೇಳಿಸಿತು’; ಅದರ ಮೇಲೆ ನಾವು ಒಂದು ಮೇಲ್ಸೇತುವೆ ಕಟ್ಟುತ್ತಿದ್ದೆವು.

ಆ ಕೆಲಸದ ಮೇಲಧಿಕಾರಿ ಮೇಡಂ ಚೊಂಗ್. ಕುಳ್ಳಗಿನ ಹೆಂಗಸು, ಗಂಡಸರ ಅಳತೆಯ ಗಮ್‌ಬೂಟು, ಕೊರಳಲ್ಲಿ ನೇತಾಡುವ ಕನ್ನಡಕ. ಈ ಊರಿನ ಉಳಿದವರ ಮಾತಿನ ಹಾಗೆ ಅವರ ಇಂಗ್ಲಿಷನ್ನೂ ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಲ್ಲಿಯವರು ಮಾತಿನ ಕೊನೆಗೆ ಅಂಟಿಸುವ ‘ಲಾ’ ಮಾತ್ರ ಹಾಗೇ ಬಿಟ್ಟಿದ್ದೇನೆ, ಅದನ್ನು ತೆಗೆದರೆ ಮೇಡಂ ಉಳಿಯುವುದಿಲ್ಲ. ಕೂಲಿಯಾಳುಗಳ ಮೇಸ್ತ್ರಿ ಪಾಕ್ ಸಮದ್. ಇಲ್ಲಿ ಹಿರಿಯರನ್ನು ‘ಪಾಕ್’ ಎಂದು ಕರೆಯುತ್ತಾರೆ. ನನ್ನನ್ನು ಅವರು ‘ಎಂಚಿಕ್’ ಎನ್ನುತ್ತಿದ್ದರು, ಅಂದರೆ ಸಾಹೇಬ್ರೇ. ಅರ್ಧ ಸಾಹೇಬ ಎಂದು ಅವರಿಗೆ ಗೊತ್ತಿರಲಿಲ್ಲ.

ಸೇತುವೆಯ ಮೇಲ್ಗಡೆಯ ಚಪ್ಪಡಿಗೆ ಕಾಂಕ್ರೀಟು ಸುರಿಯುವ ದಿನ. ಮಳೆನೀರು ಇಳಿದು ಹೋಗಲು ಅಂಚಿನುದ್ದಕ್ಕೂ ಪೈಪುಗಳನ್ನು ನೆಟ್ಟಿದ್ದೆವು. ಸುರಿಯುವ ಮೊದಲು ಅವುಗಳ ಬಾಯಿಗೆ ಮುಚ್ಚಳ ಹಾಕಿ, ಟೇಪು ಸುತ್ತಿ, ಒಬ್ಬ ಸೂಪರ್‌ವೈಸರ್ ಪ್ರತಿಯೊಂದನ್ನೂ ನೋಡಬೇಕು. ಆ ಒಬ್ಬ ನಾನು. ಆದರೆ ಕಾಂಕ್ರೀಟು ಲಾರಿಗಳು ಬೇಗ ಬಂದವು. ನಾನು ಕೆಳಗೆ ನಿಂತು ಲಾರಿಯವರ ಜತೆ ಕೈ ಬಾಯಿ ಮಾಡುತ್ತಿದ್ದೆ. ಮೇಲಿನಿಂದ ವಾಕಿಟಾಕಿಯಲ್ಲಿ ಪಾಕ್ ಸಮದ್ ಕೇಳಿದರು:

“ಎಂಚಿಕ್, ಮುಲುತ್ ಪೈಪ್, ಚೆಕ್?”

ಮುಲುತ್ ಎಂದರೆ ಬಾಯಿ. ಪೈಪಿನ ಬಾಯಿ ನೋಡಿದ್ದೀರಾ ಎಂದು ಅವರು ಕೇಳಿದ್ದು. ಪೈಪಿನ ಬಾಯಿ ನೋಡಿ ಎಂದು ನೆನಪಿಸುತ್ತಿದ್ದಾರೆ ಎಂದು ನಾನು ತಿಳಿದದ್ದು. ರಾಣೆಬೆನ್ನೂರಿನಲ್ಲಿ ಯಾರಾದರೂ ಏನಾದರೂ ನೆನಪಿಸಿದರೆ ಏನನ್ನುತ್ತೇವೋ ಅದನ್ನೇ ಅಂದೆ. ಆತಪಾ, ಆತು, ಬಂದೆ.

“ಸುದಾ, ಸುದಾ!”

ನಾನು ಮೆಟ್ಟಿಲು ಹತ್ತಿ ಮೇಲೆ ಬರುವ ಹೊತ್ತಿಗೆ ಪಂಪಿನ ಸೊಂಡಿಲು ಚಪ್ಪಡಿಯ ಮೇಲೆ ಅರ್ಧ ದೂರ ಹೋಗಿತ್ತು. ಕೆಲಸ ಎಷ್ಟು ಚೆನ್ನಾಗಿ ಸಾಗಿದೆ ಎಂದು ನನಗೆ ಖುಷಿಯಾಯಿತು. ಪಾಕ್ ಸಮದರ ಬೆನ್ನು ತಟ್ಟಿದೆ. ಅವರೂ ಹೆಬ್ಬೆರಳು ಎತ್ತಿದರು.

ಮುಚ್ಚಳಗಳು ಮೂಟೆಯಲ್ಲೇ ಇದ್ದವು.

ಇಲ್ಲಿನ ಮಧ್ಯಾಹ್ನದ ಮಳೆ ನಿಮಗೆ ಗೊತ್ತೇ ಇದೆ. ಅಚ್ಚು ಬಿಚ್ಚಿ, ಚಪ್ಪಡಿ ಗಟ್ಟಿಯಾದ ಮೇಲೆ ಬಂದ ಮೊದಲ ದೊಡ್ಡ ಮಳೆಗೆ ನಮ್ಮ ಸೇತುವೆಯ ಮೇಲೆ ಒಂದು ಕೆರೆ ನಿಂತಿತು. ನೀರು ಇಳಿಯಲು ಜಾಗವೇ ಇರಲಿಲ್ಲ. ಪೈಪುಗಳ ಗಂಟಲು ತುಂಬ ಕಾಂಕ್ರೀಟು. ಅಂಥ ಗಟ್ಟಿ ಕಾಂಕ್ರೀಟು ನಾನು ಬೇಕೆಂದು ಮಾಡಿದಾಗ ಎಂದೂ ಬಂದಿರಲಿಲ್ಲ. ಮೇಡಂ ಚೊಂಗ್ ಗಮ್‌ಬೂಟು ಮುಳುಗುವವರೆಗೆ ನೀರಿನಲ್ಲಿ ನಡೆದು ಬಂದು ನಡುವೆ ನಿಂತರು. ನಾನು ದಡದಲ್ಲಿದ್ದೆ.

“ಹುಸೇನ್, ಆಕಾಶದಲ್ಲಿ ಈಜುಕೊಳ ಕಟ್ಟಿದ್ದೀಯಲ್ಲ ಲಾ. ಟಿಕೆಟ್ ಇಡೋಣವಾ?”

ವಿಚಾರಣೆಯ ಸಭೆ ನಡೆಯಿತು. ಯೋಜನೆಯ ನಿರ್ದೇಶಕರು ನಡುವಿನ ಕುರ್ಚಿಯಲ್ಲಿದ್ದರು. ಪಾಕ್ ಸಮದರನ್ನು ಕೇಳಿದಾಗ ಅವರು ಒಂದೇ ಮಾತು ಹೇಳಿದರು: “ಎಂಚಿಕ್ ಸುದಾ ಅಂದರು.” ಎಲ್ಲರೂ ನನ್ನ ಕಡೆ ತಿರುಗಿದರು. “ಸುದಾ ಅಂದದ್ದು ನಿಜ, ಆದರೆ ಅದು ಆ ಸುದಾ ಅಲ್ಲ” ಎಂದು ಶುರು ಮಾಡಿ, ನಮ್ಮ ಭಾಷೆಯ ಆತುವನ್ನು ವಿವರಿಸಲು ಹೊರಟೆ. ನಿರ್ದೇಶಕರು ಕಣ್ಣು ಮುಚ್ಚಿಕೊಂಡರು. ಮೇಡಂ ಮಾತ್ರ ಪೆನ್ನು ಹಿಡಿದು ಕೇಳಿದರು.

“ನೀನು ಹೇಳಿದ್ದು ಕೇಳಿಸಿತು ಅನ್ನೋದಕ್ಕೆ ನಿಮ್ಮಲ್ಲಿ ಏನಂತಾರೆ?”

“ಆತು, ಮೇಡಂ.”

“ಒಪ್ಪಿದೆ ಅನ್ನೋದಕ್ಕೆ?”

“ಆತು.”

“ಕೆಲಸ ಮುಗೀತು ಅನ್ನೋದಕ್ಕೆ?”

“ಅದಕ್ಕೂ… ಆತು.”

“ಈಗ ನನ್ನ ಬಾಯಿ ಮುಚ್ಚಿಸಬೇಕು ಅಂತ ನಿನಗೆ ಅನಿಸ್ತಾ ಇದೆಯಲ್ಲ, ಅದಕ್ಕೆ?”

ಮೇಡಂ ಪೆನ್ನು ಕೆಳಗಿಟ್ಟರು.

“ಒಂದೇ ಪದ ಇಟ್ಟುಕೊಂಡು ನಿಮ್ಮ ಜನ ಅಷ್ಟು ದೊಡ್ಡ ದೊಡ್ಡ ಕಟ್ಟಡ ಹೇಗೆ ಕಟ್ಟಿದರು ಲಾ?”

ನಿರ್ದೇಶಕರು ಕಣ್ಣು ತೆರೆದು, “ಇವನ ಓದು ಏನು?” ಎಂದು ನನ್ನನ್ನು ಬಿಟ್ಟು ಬೇರೆಯವರನ್ನು ಕೇಳಿದರು. ಡಿಪ್ಲೊಮಾ ಎಂದು ಯಾರೋ ಹೇಳಿದರು. “ಹಾಗನ್ನಿ,” ಎಂದರು. ಅದರಲ್ಲೇ ನಾಲ್ಕು ಪುಟದ ವರದಿ ಇತ್ತು. ಪದವಿ ಇದ್ದವನು ತಪ್ಪು ಮಾಡಿದರೆ ಅದು ತಪ್ಪು. ಡಿಪ್ಲೊಮಾದವನು ತಪ್ಪು ಮಾಡಿದರೆ ಅದು ಅವನ ಡಿಪ್ಲೊಮಾ. ಅವತ್ತೇ, ಪೂರ್ತಿ ಇಂಜಿನಿಯರ್ ಆಗಿಯೇ ಈ ಕೆಲಸ ಬಿಡುತ್ತೇನೆ ಎಂದು ನಿರ್ಧರಿಸಿದೆ. ಎಲ್ಲಕ್ಕಿಂತ ಹೆಚ್ಚಾಗಿ, ದೊಡ್ಡಪ್ಪ ಇರುವಾಗಲೇ ಆಗಬೇಕು.

ಪಕ್ಕದಲ್ಲಿ ಹೊಸ ತೂತುಗಳನ್ನು ಕೊರೆದೆವು. ಒಳಗಿನ ಕಬ್ಬಿಣಕ್ಕೆ ತಾಗದಂತೆ ಒಂದೊಂದನ್ನೂ ಗುರುತು ಮಾಡಿ ಕೊರೆಯಬೇಕು; ವಾರಗಟ್ಟಲೆ ಹಿಡಿಯಿತು. ಕೊರೆಯುವ ಯಂತ್ರದ ಪಕ್ಕ ನಾನು ಕುಕ್ಕರಗಾಲಲ್ಲಿ ಕೂತಿದ್ದಾಗ ಮೇಡಂ ಬಂದು ನಿಂತರು. ಅವಕಾಶ ಇದೇ ಎಂದು, ವಾರಾಂತ್ಯದ ತರಗತಿಗಳಲ್ಲಿ ಪದವಿ ಓದಬೇಕು, ಕೆಲಸ ಕೊಟ್ಟವರ ಶಿಫಾರಸು ಬೇಕು ಎಂದೆ. ತೂತು ಕೊರೆಯುವಾಗ ಕೇಳಬಾರದಿತ್ತೇನೋ.

“ಕೊಡ್ತೀನಿ. ಆದರೆ ಒಂದು ಷರತ್ತು. ಇವತ್ತಿನಿಂದ ನಿನ್ನ ಕಣ್ಣು ನೋಡಿದ್ದನ್ನು ಮಾತ್ರ ನಿನ್ನ ಬಾಯಿ ಹೇಳಬೇಕು. ಬರೀ ಸುದಾ ಅಂದೆಯೋ, ಶಿಫಾರಸು ವಾಪಸ್.”

ಅಂದಿನಿಂದ ಸೈಟಿನಲ್ಲಿ ಹೊಸ ಪದ್ಧತಿ ಬಂತು. ಯಾರಾದರೂ ಏನಾದರೂ ಕೇಳಿದರೆ ನಾನು ಪೂರ್ತಿ ವಾಕ್ಯ ಹೇಳಬೇಕು: ಪೈಪಿನ ಬಾಯಿ ಮುಚ್ಚಿದೆ, ನಾನು ನೋಡಿದ್ದೇನೆ. ಅಥವಾ: ಕೇಳಿಸಿತು, ಇನ್ನೂ ನೋಡಿಲ್ಲ. ಮೊದಮೊದಲು ಆಳುಗಳು ನನ್ನಿಂದ ವಾಕ್ಯ ಹೇಳಿಸಲೆಂದೇ ಪ್ರಶ್ನೆ ಕೇಳುತ್ತಿದ್ದರು. “ಎಂಚಿಕ್, ಮಕಾನ್?” ಅಂದರೆ, ಊಟ? “ನಾನು ಊಟ ಮಾಡಿದ್ದೇನೆ, ತಟ್ಟೆ ಖಾಲಿಯಾದದ್ದನ್ನು ಸ್ವತಃ ನೋಡಿದ್ದೇನೆ” ಎನ್ನಬೇಕು, ಅವರು ಬಿದ್ದು ಬಿದ್ದು ನಗಬೇಕು. ನನಗೆ ‘ಎಂಚಿಕ್ ಸುದಾ’ ಎಂಬ ಹೆಸರು ಕಾಯಂ ಆಯಿತು.

ಓದಿನ ಬಗ್ಗೆ ಒಂದೇ ಮಾತು. ತರಗತಿಯಲ್ಲಿ ನನಗಿಂತ ದೊಡ್ಡವರು ಯಾರೂ ಇರಲಿಲ್ಲ, ಪಾಠ ಮಾಡುವವರನ್ನೂ ಸೇರಿಸಿ. ಒಂದು ಪರೀಕ್ಷೆಯಲ್ಲಿ, ಸೇತುವೆಯ ಮೇಲಿನ ನೀರು ಇಳಿಯದಿರಲು ಕಾರಣಗಳನ್ನು ಬರೆಯಿರಿ ಎಂಬ ಪ್ರಶ್ನೆ ಬಂತು. ನನ್ನ ಜನ್ಮ ಸಾರ್ಥಕವಾಯಿತು ಎಂದುಕೊಂಡೆ. ಎಲೆ ಕಸ ಮುಂತಾದ ಪುಸ್ತಕದ ಕಾರಣಗಳನ್ನು ಬಿಟ್ಟು, ಬಾಯಿ ಮುಚ್ಚದ ಪೈಪು, ವಾಕಿಟಾಕಿ, ಭಾಷೆಯ ಗೊಂದಲ ಎಲ್ಲವನ್ನೂ ಚಿತ್ರ ಸಮೇತ ಬರೆದೆ. ಉತ್ತರಪತ್ರಿಕೆ ಮರಳಿ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲಿತ್ತು: ಹೀಗೆ ಆಗುವ ಸಂಭವವಿಲ್ಲ.

ದೊಡ್ಡಪ್ಪನ ಮಾತನ್ನೇ ಇಂಗ್ಲಿಷಿನಲ್ಲಿ ಬರೆದಿದ್ದರು. ಆಗೂ ಮಾತಲ್ಲ ಬಿಡು. ನಾನು ಆ ಪತ್ರಿಕೆಯನ್ನು ಮೇಡಂಗೆ ತೋರಿಸಿದೆ. ಅವರು ಅದನ್ನು ಸೈಟ್ ಆಫೀಸಿನ ಗೋಡೆಗೆ ಅಂಟಿಸಿದರು.

ಇಷ್ಟಾದ ಮೇಲೆ ನಾನು ಜಾಣನಾಗಿರಬೇಕು ಎಂದು ನೀವು ತಿಳಿಯಬಹುದು. ನಾನೂ ಹಾಗೇ ತಿಳಿದೆ. ಆದದ್ದೇನೆಂದರೆ, ಮುಗಿಯಿತು ಎನ್ನಲು ಹೆದರಿಕೆ ಹತ್ತಿಕೊಂಡಿತು.

ನಮ್ಮ ತಂಡವನ್ನು ಪಿನಾಂಗ್ ದ್ವೀಪದ ಬಯಾನ್ ಲೆಪಾಸ್‌ಗೆ ಕಳಿಸಿದರು. ಹೊಸ ಕಾರ್ಖಾನೆಯೊಂದಕ್ಕೆ ಗೇಟಿನವರೆಗೆ ರಸ್ತೆ ಬೇಕು. ನಾನು ಶನಿವಾರ ಬಸ್ಸು ಹತ್ತಿ ಕೌಲಾಲಂಪುರಕ್ಕೆ ತರಗತಿಗೆ ಬರುವುದು, ಭಾನುವಾರ ಮರಳುವುದು. ಅಲ್ಲಿಯ ನೆಲ ಕಡಲ ಪಕ್ಕದ ಮೆತ್ತನೆಯ ಜೇಡಿ. ಕಾಲಿಟ್ಟರೆ ಹೊಸದಾಗಿ ಹಿಂಜಿದ ಹತ್ತಿಯ ಹಾಗೆ ಕುಸಿಯುತ್ತದೆ. ಅಂಥಲ್ಲಿ ರಸ್ತೆ ಮಾಡುವ ಕ್ರಮ ಹೀಗೆ: ಬೇಕಾದುದಕ್ಕಿಂತ ಹೆಚ್ಚು ಮಣ್ಣಿನ ದಿಬ್ಬ ಹಾಕಿ, ಅದರ ಭಾರಕ್ಕೆ ನೆಲ ಎಷ್ಟು ಇಳಿಯುತ್ತದೋ ಇಳಿಯಲಿ ಎಂದು ಕಾಯುವುದು. ಇಳಿಯುವುದು ನಿಂತಾಗ ಹೆಚ್ಚಿನ ಮಣ್ಣು ತೆಗೆದು ಡಾಂಬರು ಹಾಕುವುದು. ನಿಂತಿತು ಎಂದು ಹೇಳಬೇಕಾದವನು ನಾನು.

ಪಾಕ್ ಸಮದ್ ಬೆಳಿಗ್ಗೆ ಕೇಳುವರು: “ಎಂಚಿಕ್, ಮಣ್ಣು?”

“ಬೆಲುಮ್.” ಇನ್ನೂ ಇಲ್ಲ ಎಂದರ್ಥ. ಎಷ್ಟು ಸುರಕ್ಷಿತವಾದ ಪದ! ಬೆಲುಮ್ ಎಂದವನ ಸೇತುವೆಯಲ್ಲಿ ಎಂದೂ ನೀರು ನಿಲ್ಲುವುದಿಲ್ಲ, ಏಕೆಂದರೆ ಸೇತುವೆಯೇ ಇರುವುದಿಲ್ಲ.

ಕಾರ್ಖಾನೆಯವರು ಫೋನು ಮಾಡುವರು. ಬೆಲುಮ್. ಅಳತೆಯ ನಕ್ಷೆಯಲ್ಲಿ ಗೆರೆ ಇಳಿದು ಇಳಿದು ನೆಟ್ಟಗಾಯಿತು. ಇನ್ನೊಂದು ವಾರ ನೋಡೋಣ ಎಂದೆ. ವಾರ ಕಳೆದ ಮೇಲೆ ಇನ್ನೊಂದು ವಾರ. ದಿಬ್ಬದ ಮೇಲೆ ಹುಲ್ಲು ಬಂತು. ಆಳುಗಳು ಅದರ ಮೇಲೆ ಬಟ್ಟೆ ಒಣಗಿಸತೊಡಗಿದರು. ಯಾರೋ ಬದಿಯಲ್ಲಿ ಹರಿವೆ ಸೊಪ್ಪು ಬಿತ್ತಿದರು. ಒಂದು ದಿನ ಪಾಕ್ ಸಮದ್ ಒಂದು ಕಟ್ಟು ಸೊಪ್ಪು ತಂದು ನನ್ನ ಮೇಜಿನ ಮೇಲಿಟ್ಟು ಅತ್ಯಂತ ವಿನಯದಿಂದ ಹೇಳಿದರು:

“ಎಂಚಿಕ್ ಬೆಲುಮ್, ನಿಮ್ಮ ದಯೆಯಿಂದ ಮೊದಲ ಬೆಳೆ ಬಂತು. ಎರಡನೇದು ಬಿತ್ತೋಣವೋ, ರಸ್ತೆ ಮಾಡೋಣವೋ?”

ಮೇಡಂ ಚೊಂಗ್ ಬಂದರು. ನಕ್ಷೆ ಬಿಡಿಸಿ, ಕನ್ನಡಕ ಹಾಕಿಕೊಂಡು ನೋಡಿದರು.

“ಗೆರೆ ಮಲಗಿ ಗೊರಕೆ ಹೊಡೀತಾ ಇದೆ ಲಾ. ಇನ್ನೂ ಯಾತಕ್ಕೆ ಬೆಲುಮ್?”

“ಒಂದು ವೇಳೆ ಮತ್ತೆ ಇಳಿದರೆ, ಮೇಡಂ?”

“ಹುಸೇನ್, ಅವತ್ತು ನೋಡದೆ ಸುದಾ ಅಂದೆ. ಇವತ್ತು ನೋಡಿಯೂ ಬೆಲುಮ್ ಅಂತೀಯ. ಎರಡರಲ್ಲೂ ನೀನು ಮಣ್ಣನ್ನು ನೋಡ್ತಾ ಇಲ್ಲ, ನಿನ್ನನ್ನೇ ನೋಡಿಕೊಳ್ತಾ ಇದ್ದೀಯ.”

ಸೈಟಿನಲ್ಲಿ ಅನೇಕರು ನನ್ನನ್ನು ಬೈದಿದ್ದಾರೆ. ಆ ಬೈಗುಳಗಳಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುವುದು ಇದೊಂದೇ. ಮರುದಿನ ಮಣ್ಣು ತೆಗೆಸಿದೆ. ಅದಕ್ಕೂ ಮೊದಲು ಸೊಪ್ಪು ಕೊಯ್ಯಿಸಿದೆ.

ಇದೇ ರೋಗ ಓದಿಗೂ ಹತ್ತಿತ್ತು. ಪರೀಕ್ಷೆಗಳು ಮುಗಿದಿದ್ದವು, ಕೊನೆಯ ಪ್ರಾಜೆಕ್ಟ್ ವರದಿಯನ್ನು ಕೊಟ್ಟರೆ ಪದವಿ. ಮೆತ್ತನೆಯ ಮಣ್ಣಿನ ಮೇಲೆ ರಸ್ತೆ ಎಂಬ ವಿಷಯ, ಬರೆದಾಗಿತ್ತು. ಆದರೂ ಕೊಡಲು ಕೈ ಬರಲಿಲ್ಲ. ಒಂದು ಅಧ್ಯಾಯ ತಿದ್ದುವುದು, ಒಂದು ಚಿತ್ರ ಬದಲಿಸುವುದು, ಅಲ್ಪವಿರಾಮ ಹಾಕಿ ತೆಗೆಯುವುದು. ಒಂದು ವರ್ಷದ ಗಡುವು ದಾಟಿ ಇನ್ನೊಂದು ವರ್ಷಕ್ಕೆ ಹೋಯಿತು. ಅದೇ ಸಮಯಕ್ಕೆ ಊರಿನಿಂದ ಫೋನು. ದೊಡ್ಡಪ್ಪನಿಗೆ ಮೈ ಹುಷಾರಿಲ್ಲ, ಒಂದು ಕಣ್ಣು ಕಾಣುತ್ತಿಲ್ಲ, ಮಾತು ಕಡಿಮೆಯಾಗಿದೆ. ಫೋನು ಅವರ ಕಿವಿಗಿಟ್ಟರು. ನಾನು ಆರೋಗ್ಯ ವಿಚಾರಿಸಿದೆ. ಅವರು ವಿಚಾರಿಸಿದ್ದು ಬೇರೆ.

“ಇನ್ನೂ ಅರ್ಧಾನ ಏನೋ ಹುಸೇನಾ?”

ಮಾತು ಕಡಿಮೆಯಾಗಿದೆ ಎಂದರಲ್ಲ, ಉಳಿದ ಮಾತು ಇದು.

ಫೋನಿಟ್ಟು ಮತ್ತೆ ವರದಿ ತೆಗೆದೆ. ಮತ್ತೆ ಮೂರನೆಯ ಅಧ್ಯಾಯ. ನನ್ನ ಹೆಂಡತಿ ಮೆಹಬೂಬಿ ಹಾವೇರಿಯವಳು; ಅಡುಗೆಮನೆಯಿಂದ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಬಂದಳು.

“ರೀ, ಅದರಾಗ ತಪ್ಪು ಅದಾವೇನ್ರಿ?”

“ಇಲ್ಲ. ನೋಡೇನಿ.”

“ಎಲ್ಲಾ ಬರದೀರೇನು?”

“ಬರದೇನಿ.”

“ಮತ್ತ ಏನ್ ಮಾಡಾಕ ಹತ್ತೀರಿ?”

“ಇನ್ನೊಮ್ಮಿ ನೋಡೂಣು ಅಂತ…”

“ನಿಮ್ಮ ದೊಡ್ಡಪ್ಪನಗತೆ ನೋಡೂಣು ಅನ್ನಾಕ ಹೋಗಬ್ಯಾಡ್ರಿ. ಅವರು ಗಾದಿ ಹೊಲದ ಕೊಡತಿದ್ರು, ಬರೇ ನೋಡ್ಕೋತ ಕುಂದ್ರತಿರಲಿಲ್ಲ. ಆತು ಅನ್ರಿ ಇನ್ನ. ಬಾಯಿ ತಗದು ಅನ್ರಿ.”

ಮಗಳು ನಸೀಮಾ ಸೋಫಾದ ಮೇಲಿಂದ ತಲೆಯೆತ್ತಿ, “ಅಬ್ಬಾ, ಜಸ್ಟ್ ಸಬ್ಮಿಟ್ ಲಾ!” ಎಂದಳು. ನಮ್ಮ ಮಕ್ಕಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

“ಆತು,” ಎಂದೆ. ವರ್ಷಗಳಾಗಿತ್ತು ಆ ಪದ ಬಾಯಿಗೆ ಬಂದು. ಮೆಹಬೂಬಿ ನಂಬಲಿಲ್ಲ. “ಯಾವ ಆತು?” ಎಂದಳು. “ಮುಗೀತು ಅನ್ನೂ ಆತು,” ಎಂದೆ. ಮರುದಿನ ಕೊಟ್ಟು ಬಂದೆ.

ಪದವಿ ಪ್ರದಾನದ ದಿನ ಬಾಡಿಗೆಯ ಕಪ್ಪು ನಿಲುವಂಗಿ ನನಗೆ ಉದ್ದವಾಗಿತ್ತು. ವೇದಿಕೆಯ ಮೆಟ್ಟಿಲಲ್ಲಿ ಮುಗ್ಗರಿಸಿದೆ. ಕಾಲೇಜಿನ ಮೆಟ್ಲ ಹತ್ಯಾರೇನ ಎಂದು ದೊಡ್ಡಪ್ಪ ಕೇಳಿದ್ದು ಸುಮ್ಮನೆ ಅಲ್ಲ. ಗಣ್ಯರು ನನ್ನ ಕೈ ಕುಲುಕಿ, ರಿಬ್ಬನ್ ಕಟ್ಟಿದ ಒಂದು ಉದ್ದನೆಯ ಕೊಳವೆ ಕೊಟ್ಟರು. ಹೊರಗೆ ಮೆಹಬೂಬಿ, ನಸೀಮಾ, ಮತ್ತು ಹೊಸ ಬಾಟಿಕ್ ಅಂಗಿ ತೊಟ್ಟ ಪಾಕ್ ಸಮದ್ ಕಾಯುತ್ತಿದ್ದರು. ಕೊಳವೆ ನೋಡಿದ ಕೂಡಲೇ ಪಾಕ್ ಸಮದ್ ಗಂಭೀರವಾಗಿ ಕೇಳಿದರು:

“ಎಂಚಿಕ್, ಮುಲುತ್ ಪೈಪ್, ಚೆಕ್?”

ಮುಚ್ಚಳ ತೆಗೆದು ನೋಡಿದೆ. ಒಳಗೆ ಏನೂ ಇಲ್ಲ. ಮೂಲ ಪ್ರಮಾಣಪತ್ರವನ್ನು ಆಮೇಲೆ ಕಚೇರಿಯಿಂದ ಪಡೆದುಕೊಳ್ಳಬೇಕು ಎಂಬ ಒಂದು ಚೀಟಿ ಮಾತ್ರ. “ಏನ್ರಿ ಇದು, ಖಾಲಿ ಡಬ್ಬಿ?” ಎಂದು ಮೆಹಬೂಬಿ ದನಿ ಏರಿಸಿದಳು. ನನಗಂತೂ ಸಮಾಧಾನವಾಯಿತು. ನನ್ನ ಕೈಗೆ ಬಂದು ಕಾಂಕ್ರೀಟು ತುಂಬದೆ ಉಳಿದ ಪೈಪು ಅದು. “ಬೆಲುಮ್,” ಎಂದು ಪಾಕ್ ಸಮದರಿಗೆ ಹೇಳಿದೆ. ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಅದಾದ ಮೇಲೂ ನಾನು ಬಹಳ ವರ್ಷ ಕೆಲಸ ಮಾಡಿದೆ. ಅಮೋನಿಯದ ವಾಸನೆಯ ನೀಲಿ ನಕ್ಷೆಗಳು ಹೋಗಿ ಕಂಪ್ಯೂಟರಿನ ಪರದೆಗಳು ಬಂದವು. ವಾಕಿಟಾಕಿ ಹೋಗಿ ವಾಟ್ಸ್‌ಆ್ಯಪ್ ಬಂತು. ಕೊನೆಯ ವರ್ಷಗಳಲ್ಲಿ ನನ್ನ ಕೈಕೆಳಗಿನ ಹುಡುಗರಿಗೆ ‘ಬೋಲ್ಟ್ ಬಿಗಿಯಾಗಿವೆಯೇ?’ ಎಂದು ಸಂದೇಶ ಕಳಿಸಿದರೆ ಒಂದು ಹಳದಿ ಹೆಬ್ಬೆರಳು ಬರುತ್ತಿತ್ತು. ನಾನು ಫೋನು ಮಾಡಿ ಕೇಳುತ್ತಿದ್ದೆ: ಇದು ಯಾವ ಹೆಬ್ಬೆರಳಪ್ಪ? ಓದಿದೆ ಎಂಬುದೋ, ನೋಡುತ್ತೇನೆ ಎಂಬುದೋ, ನೋಡಿದೆ ಎಂಬುದೋ, ಮುದುಕಪ್ಪ ಸುಮ್ಮನಿರು ಎಂಬುದೋ? ಅವರು ನಗುತ್ತಿದ್ದರು. ಮಕ್ಕಳೇ, ನೀವು ಇಲ್ಲಿಗೆ ಬರುವಾಗ ಲೆಕ್ಕ, ಸಾಫ್ಟ್‌ವೇರು ಎಲ್ಲ ನನಗಿಂತ ಚೆನ್ನಾಗಿ ಕಲಿತೇ ಬಂದಿರುತ್ತೀರಿ. ಆ ಹೆಬ್ಬೆರಳನ್ನು ಮಾತ್ರ ನಂಬಬೇಡಿ. ಅದು ನಮ್ಮ ರಾಣೆಬೆನ್ನೂರಿನ ಆತು. ವೇಷ ಹಾಕಿಕೊಂಡು ಬಂದಿದೆ ಅಷ್ಟೇ. ಒಂದು ಪೂರ್ತಿ ವಾಕ್ಯ ಬರೆಯಿರಿ. ಬೆರಳು ಸವೆಯುವುದಿಲ್ಲ.

ಇನ್ನು ಆ ಪ್ರಮಾಣಪತ್ರ. ಕಚೇರಿಯ ಕಿಟಕಿಯಲ್ಲಿದ್ದ ಹುಡುಗಿ, ಗ್ರಂಥಾಲಯದ ಪುಸ್ತಕವೊಂದು ಬಾಕಿ ಇದೆ ಎಂದು ಅದನ್ನೂ ತಡೆದಳು. ಮಣ್ಣಿನ ಗುಣಗಳ ಬಗೆಗಿನ ಆ ದಪ್ಪ ಪುಸ್ತಕ ಬಯಾನ್ ಲೆಪಾಸ್‌ನ ಸೈಟ್ ಆಫೀ‌ಸಿನಲ್ಲಿ ಚಹಾದ ಕೆಟಲಿನ ಅಡಿ ಸಿಕ್ಕಿತು. ರಟ್ಟಿನ ಮೇಲೆ ದುಂಡನೆಯ ಕಲೆ. ದಂಡ ಕಟ್ಟಿ, ಪ್ರಮಾಣಪತ್ರವನ್ನು ಅದೇ ಖಾಲಿ ಕೊಳವೆಯಲ್ಲಿಟ್ಟು ಊರಿಗೆ ಹೊರಟೆ.

ಅಂಗಡಿಯಲ್ಲಿ ಈಗ ಹತ್ತಿ ಹಿಂಜಲು ಕರೆಂಟಿನ ಯಂತ್ರ ಬಂದಿತ್ತು. ಬಿಲ್ಲು ಗೋಡೆಯ ಮೇಲಿತ್ತು. ದೊಡ್ಡಪ್ಪ ಒಳಗಡೆ ಗಾದಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ಪೂರ್ತಿ ಗಾದಿ. ಯಾರೋ ಯಂತ್ರ ನಿಲ್ಲಿಸಿದರು. ನಾನು ಕೊಳವೆಯ ಬಾಯಿ ತೆಗೆದು, ಒಳಗಿದೆ ಎಂದು ಕಣ್ಣಾರೆ ನೋಡಿ, ಹೊರಗೆಳೆದು ಅವರ ಕೈಗೆ ಕೊಟ್ಟೆ.

ಇಂಗ್ಲಿಷು ಅವರಿಗೆ ಬರುತ್ತಿರಲಿಲ್ಲ, ಕಣ್ಣೂ ಒಂದೇ. ಕಾಗದದ ಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಹತ್ತಿಯ ಎಳೆ ಪರೀಕ್ಷಿಸುವ ಹಾಗೆ ಉಜ್ಜಿದರು. “ಕಾಗದ ಗಟ್ಟಿ ಐತಿ,” ಎಂದರು. ನನ್ನ ಹೆಸರು ಎಲ್ಲಿದೆ ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ನದಾಫ ಎಲ್ಲಿದೆ ಎಂದರು. ಅದನ್ನೂ ತೋರಿಸಿದೆ. ಅದರ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಇಟ್ಟರು. ಆಮೇಲೆ ಕಾಗದವನ್ನು ಮಗುಚಿ ಹಿಂಬದಿ ನೋಡಿದರು. ಬಿಳಿ.

“ಈ ಕಡೆ ಏನೂ ಇಲ್ಲಲೋ?”

“ಇಲ್ಲ ದೊಡ್ಡಪ್ಪಾ. ಒಂದ ಕಡೆ ಬರದಿರ್ತಾರ.”

“ಹಂಗಾರ ಇನ್ನೂ ಅರ್ಧಾನ!”

ಅಂಗಡಿಯೆಲ್ಲ ನಕ್ಕಿತು. ಅವರೂ ನಕ್ಕರು, ನಕ್ಕು ಕೆಮ್ಮಿದರು. ನೀರು ಕುಡಿಸಿದೆ. ಕಾಗದವನ್ನು ಸುತ್ತಲು ಅವರ ಕೈಗೆ ಆಗಲಿಲ್ಲ. ನಾನು ಸಹಾಯಕ್ಕೆ ಹೋದರೆ ಬಿಡಲಿಲ್ಲ. ನಿಧಾನವಾಗಿ ತಾವೇ ಸುತ್ತಿ, ಕೊಳವೆಯಲ್ಲಿ ತೂರಿಸಿ, ಮುಚ್ಚಳ ಒತ್ತಿ, ಅದು ಕೂತಿದೆಯೇ ಎಂದು ಎರಡು ಸಲ ತಿರುವಿ ನೋಡಿ, ನನ್ನ ಕೈಗೆ ಕೊಟ್ಟರು.

“ಆತು,” ಎಂದರು. “ಇನ್ನ ಹೋಗಿ ಕೆಲಸ ಕಲಿ.”